ಬನದ ಹುಣ್ಣಿಮೆಗೆ ಬಾದಾಮಿಯ ದಾರಿ

ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿಬಂದೆವು ಎನ್ನುವವರಲ್ಲಿ ಬಹಳ ಮಂದಿ ಸಂಜೆ ತೇರು ನೋಡಿ ಅದೇ ರಾತ್ರಿ ಊರಿಗೆ ಹೊರಟವರು. ತೇರು ಎಳೆಯುವುದು ಸಂಜೆಯ ಸ್ವಲ್ಪ ಹೊತ್ತು ಮಾತ್ರ. ಹಿಂದಿನ ದಿನ ದೇವಿಗೆ ಕಾಯಿಪಲ್ಯಗಳ ನೈವೇದ್ಯ ಇಡುವ ಪಲ್ಲೇದ ಹಬ್ಬ, ರಾತ್ರಿಯಿಡೀ ನಡೆಯುವ ಕಂಪನಿ ನಾಟಕ, ಮಾರಾಟಕ್ಕಿಟ್ಟ ಬಾಗಿಲ ಚೌಕಟ್ಟುಗಳ ಸಾಲು ಎಲ್ಲ ಸೇರಿದರೇ ಆ ಜಾತ್ರೆ. ಪುಷ್ಯ ಮಾಸದ ಹುಣ್ಣಿಮೆಯನ್ನು ಆ ಸೀಮೆಯವರು ಕರೆಯುವುದೇ ಬನದ ಹುಣ್ಣಿಮೆ ಎಂದು. ಈ ವರ್ಷ ಅದು ಜನವರಿ 3ರ ಶನಿವಾರಕ್ಕೇ ಬಂತು. ಶುಕ್ರವಾರ ಒಂದು ದಿನ ರಜೆ ಹಾಕಿದರೆ ಎಲ್ಲವೂ ಕೈಗೆ ಸಿಗುವ ಲೆಕ್ಕ. ನಾಲ್ವರು ಗೆಳೆಯರು, ಒಂದು ಕಾರು. ಬಾದಾಮಿಯಲ್ಲಿ ಕೋಣೆಯನ್ನು ಒಂದೂವರೆ ತಿಂಗಳ ಮೊದಲೇ ಹಿಡಿದಿಟ್ಟಿದ್ದೆವು. ಜಾತ್ರೆಯ ವಾರದಲ್ಲಿ ಅಲ್ಲಿಗೆ ಹೋಗಿ ಹುಡುಕಿದರೆ ಸಿಗುವುದು ಕಷ್ಟ.

ಮೊದಲ ದಿನ, ಶುಕ್ರವಾರ: ಸೀತನಿ, ಕರದಂಟು, ಪಲ್ಲೇದ ಹಬ್ಬ

ಬೆಂಗಳೂರಿನಿಂದ ಬಾದಾಮಿಗೆ ಮುಖ್ಯವಾಗಿ ಎರಡು ದಾರಿ. ಹುಬ್ಬಳ್ಳಿಯವರೆಗೆ ಹೋಗಿ ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ಮೇಲೆ ಬರುವುದು ಒಂದು. ಚಿತ್ರದುರ್ಗದಲ್ಲಿ ರಾಷ್ಟ್ರೀಯ ಹೆದ್ದಾರಿ 48 ಬಿಟ್ಟು, 50ನ್ನು ಹಿಡಿದು ಹೊಸಪೇಟೆ, ಕುಷ್ಟಗಿ, ಇಳಕಲ್ಲ, ಹುನಗುಂದ, ಅಮೀನಗಡದ ಮೇಲೆ ಬರುವುದು ಇನ್ನೊಂದು. ಎರಡೂ ಐನೂರು ಕಿಲೋಮೀಟರಿನ ಆಸುಪಾಸು. ಹೋಗುವಾಗ ಎರಡನೆಯದನ್ನೇ ಆರಿಸಿಕೊಳ್ಳಿ. ಕುಷ್ಟಗಿ ದಾಟಿದ ಮೇಲೆ ಸಿಗುವ ಎರೆ (ಕಪ್ಪುಮಣ್ಣಿನ) ಹೊಲಗಳನ್ನು ಜನವರಿಯಲ್ಲಿ ನೋಡಬೇಕು. ಆಳೆತ್ತರದ ಬಿಳಿಜೋಳ, ಅದರ ಪಕ್ಕದಲ್ಲೇ ಮೊಣಕಾಲೆತ್ತರದ ಕಡಲೆ, ಅಂಚಿನಲ್ಲಿ ಕುಸುಬೆ. ಕುಸುಬೆಯನ್ನು ಹೊಲದ ಅಂಚಿಗೆ ಹಾಕುವುದಕ್ಕೂ ಕಾರಣವಿದೆ. ಅದರ ಎಲೆ ತುಂಬ ಮುಳ್ಳು, ದನ ಒಳಗೆ ಬಾಯಿ ಹಾಕುವುದಿಲ್ಲ. ಎಣ್ಣೆಕಾಳಿನ ಬೆಳೆಯೂ ಆಯಿತು, ಬೇಲಿಯೂ ಆಯಿತು.

ನಸುಕಿನ ನಾಲ್ಕಕ್ಕೆ ಬಿಟ್ಟೆವು. ಶಿರಾ ದಾಟುವವರೆಗೂ ಮಂಜು. ಚಿತ್ರದುರ್ಗದಲ್ಲಿ ತಿಂಡಿ, ಹೊಸಪೇಟೆಯಲ್ಲಿ ಚಹಾ. ಹುನಗುಂದ ದಾಟಿದ ಮೇಲೆ ರಸ್ತೆ ಬದಿಯ ಹೊಲವೊಂದರಲ್ಲಿ ತೆಳ್ಳಗೆ ಹೊಗೆ ಏಳುತ್ತಿತ್ತು. ಇಬ್ಬರು ಸೀತನಿ ಸುಡುತ್ತಿದ್ದರು. ಗಾಡಿ ನಿಲ್ಲಿಸಿದ್ದೇ ತಡ, ‘ಬರ್ರಿ, ಬರ್ರಿ, ಇಲ್ಲೇ ಕುಂದರ್ರಿ’ ಎಂದು ಗೋಣಿಚೀಲ ಹಾಸಿದರು.

ಸೀತನಿ ಎಂದರೆ ಹಾಲುಗಾಳಿನ ಜೋಳದ ತೆನೆ ಸುಟ್ಟದ್ದು. ಕಾಳನ್ನು ಉಗುರಿನಿಂದ ಒತ್ತಿದರೆ ಗಟ್ಟಿ ಹಾಲು ಬರಬೇಕು. ನೀರಿನಂಥ ಹಾಲು ಬಂದರೆ ಸುಟ್ಟಾಗ ಸಿಪ್ಪೆ ಮಾತ್ರ ಉಳಿಯುತ್ತದೆ, ಹಿಟ್ಟು ಬಂದರೆ ಹೊತ್ತು ಮೀರಿತು ಎಂದರ್ಥ. ಕುಳ್ಳಿನ (ಬೆರಣಿಯ) ಉರಿ ಆರಿ ಕೆಂಡವಾದ ಮೇಲೆ ತೆನೆಗಳನ್ನು ಹೂತು, ಒಂದೆರಡು ನಿಮಿಷಕ್ಕೊಮ್ಮೆ ತಿರುವುತ್ತಾರೆ. ಉರಿಯ ಮೇಲೆ ಇಟ್ಟರೆ ಹೊರಗೆ ಕರಕಲಾಗಿ ಒಳಗೆ ಹಸಿ ಉಳಿಯುತ್ತದೆ. ಬಿಸಿ ಇರುವಾಗಲೇ ಗೋಣಿಯಲ್ಲಿಟ್ಟು ಉಜ್ಜಿ, ಮೊರದಲ್ಲಿ ಕೇರಿದರೆ ಹಸಿರು ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ. ಆರಿದ ತೆನೆಯಿಂದ ಕಾಳು ಬಿಡುವುದಿಲ್ಲ, ಹಾಗಾಗಿ ಕೈ ಸುಟ್ಟರೂ ಆ ಕೆಲಸ ಆಗಲೇ ಆಗಬೇಕು. ಶೇಂಗಾ ಹಿಂಡಿ (ಚಟ್ನಿಪುಡಿ) ಒಂದು ಹಿಡಿ, ಬೆಲ್ಲದ ಚೂರು ಒಂದು ಹಿಡಿ ಜೊತೆಗೆ ಕೊಟ್ಟರು.

‘ಇನ್ನ ಎಂಟ ದಿನಾ ಬಿಟ್ಟು ಬಂದಿದ್ರ ಸೀತನಿ ಇರ್ತಿದ್ದಿಲ್ಲರೀ, ಜ್ವಾಳಾ ಆಗಿರ್ತಿತ್ತು’ ಎಂದರು ಹಿರಿಯರು. ದುಡ್ಡು ಕೊಡಹೋದರೆ ಮುಟ್ಟಲಿಲ್ಲ. ‘ಬನಶಂಕರಿಗೆ ಹೊಂಟೀರಿ, ನಮ್ಮ ಹೆಸರಿಲೆ ಒಂದ್ ಕಾಯಿ ಒಡಸ್ರಿ, ಸಾಕು.’ ಆ ಕಾಯಿ ಸಂಜೆ ಒಡೆಸಿದೆವು.

ಅಮೀನಗಡದಲ್ಲಿ ಕರದಂಟು ಕೊಳ್ಳದೆ ಮುಂದೆ ಹೋಗುವವರಿಲ್ಲ. ಕರಿದ ಅಂಟು ಎಂಬುದೇ ಕರದಂಟು. ಮರದ ಅಂಟನ್ನು ತುಪ್ಪದಲ್ಲಿ ಅರಳುವಂತೆ ಕರಿದು, ಒಣಕೊಬ್ಬರಿ, ಗೋಡಂಬಿ, ಬಾದಾಮಿ, ಉತ್ತತ್ತಿ ಸೇರಿಸಿ ಬೆಲ್ಲದ ಪಾಕದಲ್ಲಿ ಹಿಡಿಯುತ್ತಾರೆ. ಕೊಳ್ಳುವ ಮೊದಲು ಚೂರು ಕೇಳಿ, ಕಚ್ಚಿ ನೋಡಿ. ಅಂಟು ಸರಿಯಾಗಿ ಅರಳಿದ್ದರೆ ಹಲ್ಲಿಗೆ ಕುರುಕಲಾಗಿ ಸಿಕ್ಕು ಪುಡಿಯಾಗುತ್ತದೆ. ಅವಸರದಲ್ಲಿ ಕರಿದದ್ದಾದರೆ ನಡುವಿನಲ್ಲಿ ಗಾಜಿನಂಥ ಗಟ್ಟಿ ಹರಳು ಉಳಿದು ಹಲ್ಲಿಗೆ ಅಂಟುತ್ತದೆ. ಅಂಥದ್ದನ್ನು ತೂಕ ಮಾಡಿಸಬೇಡಿ.

ಅಲ್ಲಿಂದ ಬಾದಾಮಿಗೆ ಐಹೊಳೆ, ಪಟ್ಟದಕಲ್ಲಿನ ಮೇಲೂ ಬರಬಹುದು. ಬಂದದ್ದೂ ಹಾಗೆಯೇ, ಆದರೆ ಇಳಿಯಲಿಲ್ಲ. ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಐಹೊಳೆಯ ಮೇಗುತಿ ಗುಡಿಯಲ್ಲಿ ಕವಿ ರವಿಕೀರ್ತಿಯ 634ರ ಶಾಸನವಿದೆ. ಅವುಗಳಿಗೆ ಬೇರೆಯೇ ಒಂದು ದಿನ ಬೇಕು. ಜಾತ್ರೆಯ ನಡುವೆ ತುರುಕಿದರೆ ಎರಡಕ್ಕೂ ಅನ್ಯಾಯ.

ಮಧ್ಯಾಹ್ನ ಮೂರರ ಹೊತ್ತಿಗೆ ಬಾದಾಮಿ. ಸಾಮಾನು ಇಳಿಸಿ, ಟ್ಯಾಂಕ್ ತುಂಬಿಸಿ, ಐದು ಕಿಲೋಮೀಟರಿನ ಬನಶಂಕರಿಗೆ ಹೊರಟೆವು. ಡೀಸೆಲ್ ಹಾಕಿಸುವುದನ್ನು ಶನಿವಾರಕ್ಕೆ ಇಟ್ಟುಕೊಳ್ಳಬಾರದು, ಆ ದಿನ ಬಂಕಿನ ಮುಂದೆ ಟ್ರ್ಯಾಕ್ಟರುಗಳ ಸಾಲು.

ಗುಡಿ ಇರುವುದು ಚೊಳಚಗುಡ್ಡದ ಪಕ್ಕ. ಎದುರಿಗೆ ಚೌಕಾಕಾರದ ದೊಡ್ಡ ಹೊಂಡ, ಹರಿದ್ರಾತೀರ್ಥ. ಅದರ ಸುತ್ತ ಕಲ್ಲಿನ ಕಂಬಗಳ ಸಾಲುಮಂಟಪ, ದಡದಲ್ಲಿ ದೀಪಗೋಪುರ. ದೇವಿಯ ನೆಲೆ ಚಾಲುಕ್ಯರ ಕಾಲದ್ದು. ಈಗ ನಿಂತಿರುವ ಗುಡಿ 1750ರಲ್ಲಿ ಮರಾಠಾ ಸರದಾರನೊಬ್ಬ ಕಟ್ಟಿಸಿದ್ದು. ಒಳಗೆ ಸಿಂಹದ ಮೇಲೆ ಕುಳಿತ ಎಂಟು ಕೈಗಳ ಕರಿಕಲ್ಲಿನ ದೇವಿ. ನೇಕಾರ ದೇವಾಂಗದವರಿಗೆ ಈಕೆ ಕುಲದೇವತೆ. ಹಾಗಾಗಿ ಇಳಕಲ್ಲ ಸೀರೆ, ಗುಳೇದಗುಡ್ಡ ಖಣ ಉಟ್ಟುತೊಟ್ಟ ಹೆಂಗಸರು ಆ ಪ್ರಾಂಗಣದಲ್ಲಿ ಕಂಡಷ್ಟು ಬೇರೆಲ್ಲೂ ಒಟ್ಟಿಗೆ ಕಾಣುವುದಿಲ್ಲ.

ಬನಶಂಕರಿಗೆ ಶಾಕಂಭರಿ ಎಂಬ ಹೆಸರೂ ಉಂಟು. ಬರಗಾಲದಲ್ಲಿ ತನ್ನ ಮೈಯಿಂದಲೇ ಕಾಯಿಪಲ್ಯ ಬೆಳೆಸಿ ಜನರನ್ನು ಉಳಿಸಿದವಳು ಎಂಬುದು ಕಥೆ. ತೇರಿನ ಹಿಂದಿನ ದಿನ ಅದರ ನೆನಪಿಗೆ ಪಲ್ಲೇದ ಹಬ್ಬ: 108 ಬಗೆಯ ಕಾಯಿಪಲ್ಯಗಳ ನೈವೇದ್ಯ. ನೂರೆಂಟು ಎಲ್ಲಿಂದ ಬರುತ್ತವೆ ಎಂದು ಪೇಟೆಯವರಿಗೆ ಅನ್ನಿಸುವುದು ಸಹಜ. ಆ ಸೀಮೆಯ ಸೊಪ್ಪುಗಳನ್ನೇ ಎಣಿಸಿ ನೋಡಿ: ಪುಂಡಿ, ರಾಜಗಿರಿ, ಮೆಂತ್ಯೆ, ಸಬ್ಬಸಗಿ, ಹಕ್ಕರಕಿ, ಹತ್ತರಕಿ, ಕಿರಕಸಾಲಿ, ಎಳೆ ಕುಸುಬೆ, ಕಡಲೆಯ ಕುಡಿ. ಇದರ ಮೇಲೆ ಕಾಯಿಗಳು, ಗೆಡ್ಡೆಗಳು, ನೆನೆದ ಕಾಳುಗಳು, ಅವುಗಳ ಪಲ್ಯ, ಕೋಸಂಬರಿ, ಚಟ್ನಿ. ಚಳಿಗಾಲದ ಬೆಳೆ ಹೊಲದಲ್ಲಿ ತುಂಬಿ ನಿಂತಿರುವ ಹೊತ್ತಿಗೇ ಈ ಹಬ್ಬ ಬರುತ್ತದೆ. ದಾರಿಯುದ್ದಕ್ಕೂ ನೋಡಿಕೊಂಡು ಬಂದ ಹೊಲವೇ ಗುಡಿಯೊಳಗೆ ಬಂದು ಕುಳಿತಂತಿತ್ತು.

ಶುಕ್ರವಾರದ ಸಂಜೆ ದರ್ಶನದ ಸಾಲು ನಡೆಯುತ್ತಲೇ ಇತ್ತು. ದೇವಿಯನ್ನು ಎದುರಿಗೆ ನಿಂತು ನೋಡಬೇಕೆಂದರೆ ಈ ಸಂಜೆಯೇ ನೋಡಿಬಿಡಬೇಕು. ಶನಿವಾರ ಸಾಲು ಹೊಂಡ ಸುತ್ತಿ ರಸ್ತೆಗೆ ಬಂದಿತ್ತು.

ಎರಡನೆಯ ದಿನ, ಶನಿವಾರ: ರೊಟ್ಟಿ, ಚೌಕಟ್ಟು, ತೇರು, ನಾಟಕ

ಬೆಳಗಿನ ಚಳಿಗೆ ಸ್ವೆಟರ್, ಹನ್ನೊಂದಕ್ಕೆ ಅದೇ ಸ್ವೆಟರ್ ಸೊಂಟಕ್ಕೆ. ಬಾದಾಮಿಯ ಜನವರಿ ಹೀಗೆಯೇ.

ಜಾತ್ರೆ ರಂಗೇರುವುದು ಮಧ್ಯಾಹ್ನದ ಮೇಲೆ, ಆದ್ದರಿಂದ ಬೆಳಗ್ಗೆ ಮೇಣಬಸದಿ, ಅಂದರೆ ಬಾದಾಮಿಯ ಗುಹಾಲಯಗಳು. ನಾಲ್ಕು ಗುಹೆಗಳೂ ದಕ್ಷಿಣದ ಗುಡ್ಡದಲ್ಲಿ, ಉತ್ತರಕ್ಕೆ ಮುಖ ಮಾಡಿವೆ. ಚಳಿಗಾಲದ ಬಿಸಿಲು ಅವುಗಳ ಮುಂದೆ ನೇರ ಬೀಳುವುದೇ ಇಲ್ಲ. ಒಳಗಿನ ಕೆತ್ತನೆ ಕಾಣಲು ಕಣ್ಣು ಹೊಂದಿಕೊಳ್ಳುವವರೆಗೆ ಒಂದೆರಡು ನಿಮಿಷ ಸುಮ್ಮನೆ ನಿಲ್ಲಬೇಕು. ಮೊದಲ ಗುಹೆಯ ಹೊರಗೋಡೆಯಲ್ಲಿ ಹದಿನೆಂಟು ಕೈಗಳ ನಟರಾಜ, ಮೂರನೆಯದರಲ್ಲಿ ಚಾಲುಕ್ಯರ ಮಂಗಲೇಶನ 578ರ ಶಾಸನ. ಕೈಯಲ್ಲಿ ತಿಂಡಿಯ ಚೀಲ ಹಿಡಿದು ಹತ್ತಬೇಡಿ, ಕೋತಿಗಳು ಕಿತ್ತುಕೊಳ್ಳುತ್ತವೆ.

ಗುಹೆಗಳಿಗಿಂತ ಹೆಚ್ಚು ಹೊತ್ತು ನಿಂತದ್ದು ಅಗಸ್ತ್ಯತೀರ್ಥದ ಆಚೆ, ತಟ್ಟುಕೋಟೆಯ ಕಡೆಯ ಬಂಡೆಯಲ್ಲಿರುವ ಕಪ್ಪೆ ಅರಭಟ್ಟನ ಶಾಸನದ ಮುಂದೆ. ಸುಮಾರು 700ರ ಹೊತ್ತಿನದು. ‘ಸಾಧುಗೆ ಸಾಧು’ ಎಂದು ಶುರುವಾಗುವ ಸಾಲು ಕನ್ನಡಿಗರಲ್ಲಿ ಅನೇಕರಿಗೆ ಬಾಯಿಪಾಠ, ಆದರೆ ಬಂಡೆಯ ಮುಂದೆ ನಾವು ನಾಲ್ವರೇ. ಅದು ತ್ರಿಪದಿ, ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿ. ಹೆಂಗಸರು ಬೀಸುಕಲ್ಲಿನ ಮುಂದೆ ಕೂತು ಜೋಳ ಬೀಸುತ್ತ ಹಾಡುತ್ತ ಬಂದದ್ದೂ ತ್ರಿಪದಿಯನ್ನೇ. ಮಧ್ಯಾಹ್ನ ಆ ಜೋಳದ ರೊಟ್ಟಿ ಕೈಗೆ ಬಂದಾಗ ಬೆಳಗಿನ ಬಂಡೆ ನೆನಪಾಯಿತು.

ಹನ್ನೆರಡಕ್ಕೆ ಬನಶಂಕರಿಯ ಕಡೆ ಹೊರಟೆವು. ಐದು ಕಿಲೋಮೀಟರಿಗೆ ಒಂದು ಗಂಟೆ ಹಿಡಿಯಿತು. ಗುಡಿಗೆ ಒಂದೂವರೆ ಕಿಲೋಮೀಟರು ಇರುವಾಗಲೇ ಪೊಲೀಸರು ಗಾಡಿಗಳನ್ನು ಹೊಲಗಳಿಗೆ ತಿರುಗಿಸುತ್ತಿದ್ದರು. ತೊಗರಿ ಕೊಯ್ದಾದ ಹೊಲ. ಅಲ್ಲಿ ಆದ ತಪ್ಪು ಮರುದಿನ ನಸುಕಿಗೆ ಗೊತ್ತಾಯಿತು, ಆಗ ಹೇಳುತ್ತೇನೆ. ಗಾಡಿ ನಿಲ್ಲಿಸಿದ ಜಾಗವನ್ನು ಫೋನಿನಲ್ಲಿ ಗುರುತು ಮಾಡಿದರೆ ಸಾಲದು. ಆ ಜನಸಂದಣಿಯಲ್ಲಿ ಸಂಜೆಯ ಮೇಲೆ ನೆಟ್‌ವರ್ಕ್ ಸಿಗುವುದಿಲ್ಲ. ಒಂದು ಬೇವಿನ ಮರವನ್ನೋ ವಿದ್ಯುತ್ ಕಂಬದ ಸಂಖ್ಯೆಯನ್ನೋ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇದೇ ಕಾರಣಕ್ಕೆ ಫೋನಿನಿಂದ ದುಡ್ಡು ಕೊಡುವುದೂ ನಡೆಯುವುದಿಲ್ಲ. ಹತ್ತು, ಇಪ್ಪತ್ತು, ಐವತ್ತರ ನೋಟುಗಳನ್ನು ಬಾದಾಮಿಯಿಂದಲೇ ಒಯ್ಯಿರಿ.

ಗುಡಿಯ ಆವರಣದಲ್ಲಿ ಬುಟ್ಟಿ ಮುಂದಿಟ್ಟುಕೊಂಡು ಸಾಲಾಗಿ ಕುಳಿತ ಹೆಂಗಸರು ರೊಟ್ಟಿ ಊಟ ಮಾರುತ್ತಾರೆ. ಜಾತ್ರೆಯಿಲ್ಲದ ದಿನವೂ ಅವರು ಅಲ್ಲಿರುತ್ತಾರೆ. ಜೋಳದ್ದು, ಎಳ್ಳು ಹಚ್ಚಿದ ಸಜ್ಜೆಯದು, ಎರಡೂ ರೊಟ್ಟಿ. ಎಣ್ಣೆಗಾಯಿ, ಪುಂಡಿಪಲ್ಯ, ಮಡಕಿಕಾಳು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪುಖಾರ, ಕುಡಿಕೆಯಲ್ಲಿ ಗಟ್ಟಿ ಮೊಸರು. ಕೆಂಪುಖಾರ ಎಂದರೆ ಹಣ್ಣು ಮೆಣಸಿನಕಾಯಿಯನ್ನು ಬೆಳ್ಳುಳ್ಳಿ, ಉಪ್ಪಿನೊಡನೆ ಅರೆದದ್ದು. ಅದನ್ನು ಬರೀ ರೊಟ್ಟಿಗೆ ಹಚ್ಚಿಕೊಳ್ಳದೆ ಮೊಸರಿನ ಅಂಚಿಗೆ ಒಂದು ಬೊಟ್ಟು ಕಲಸಿಕೊಳ್ಳಬೇಕು. ಅಭ್ಯಾಸವಿಲ್ಲದವರು ಪುಂಡಿಯಿಂದ ಶುರುಮಾಡಿದರೆ ಒಳ್ಳೆಯದು, ಹುಳಿ ನಾಲಗೆಯನ್ನು ಖಾರಕ್ಕೆ ಅಣಿ ಮಾಡುತ್ತದೆ.

‘ಎಲ್ಲಿಯವರೋ ತಮ್ಮಾ ನೀವು?’

‘ಬೆಂಗಳೂರು ಕಡೆಯವರು ಅವ್ವಾ.’

‘ಹಂಗಾರ ಖಡಕ್ ರೊಟ್ಟಿ ಒಯ್ಯಿರಿ, ಮೆತ್ತನ್ನೂ ಅಲ್ಲಿಗೆ ಮುಟ್ಟೂದ್ರಾಗ ಚರ್ಮಾ ಆಕ್ಕಾವ.’ ಕಟ್ಟುವ ಬಗೆಯನ್ನೂ ಅವರೇ ಹೇಳಿಕೊಟ್ಟರು. ‘ಪ್ಲಾಸ್ಟಿಕ್ಕಿನ್ಯಾಗ ಹಾಕಬ್ಯಾಡ್ರಿ, ಬೆವರತಾವ. ಅರಿವಿಯೊಳಗ ಕಟ್ರಿ, ಅಡ್ಡ ಇಡ್ರಿ, ನಿಂದರಸಬ್ಯಾಡ್ರಿ.’ ಎರಡು ಡಜನ್ ಕೊಂಡು, ಹಳೆಯ ಪಂಚೆಯಲ್ಲಿ ಸುತ್ತಿ, ಮರುದಿನ ಕಾರಿನ ಹಿಂಬದಿಯಲ್ಲಿ ಅಡ್ಡ ಇಟ್ಟೆವು. ಒಂದೂ ಮುರಿಯಲಿಲ್ಲ.

ಊಟ ಮುಗಿಸಿ ಚೌಕಟ್ಟಿನ ಸಾಲಿಗೆ ನಡೆದೆವು. ಮನೆ ಕಟ್ಟುವವರು ಬಾಗಿಲ ಚೌಕಟ್ಟನ್ನು ಈ ಜಾತ್ರೆಯಲ್ಲೇ ಕೊಳ್ಳಬೇಕೆಂದು ಕಾದಿರುತ್ತಾರೆ. ನೂರಾರು ಚೌಕಟ್ಟುಗಳು ಒಂದಕ್ಕೊಂದು ಒರಗಿ ನಿಂತಿದ್ದವು, ಗೋಡೆಯಿಲ್ಲದ ಬಾಗಿಲುಗಳ ಬೀದಿಯ ಹಾಗೆ. ಮೇಲಿನ ಪಟ್ಟಿಯ ನಡುವೆ ಗಜಲಕ್ಷ್ಮಿ, ಎರಡೂ ಬದಿಗೆ ಗಿಳಿ, ಕೆಳಗೆ ಬಳ್ಳಿ. ಸಾಗವಾನಿ ದುಬಾರಿ, ಬೇವು ಅಗ್ಗ.

ಒಬ್ಬ ಹಿರಿಯ ಬಡಿಗೇರು ಅರ್ಧ ಗಂಟೆ ಕೂರಿಸಿಕೊಂಡು ಚೌಕಟ್ಟು ನೋಡುವುದನ್ನು ಕಲಿಸಿದರು. ಮೊದಲು ಮೂಲೆಯಿಂದ ಮೂಲೆಗೆ ಅಳೆಯಬೇಕು, ಎರಡೂ ಕರ್ಣ ಒಂದೇ ಬರಬೇಕು. ಏಳಡಿ ಎತ್ತರ, ಮೂರೂವರೆ ಅಡಿ ಅಗಲದ್ದಾದರೆ ಹತ್ತಿರ ಹತ್ತಿರ ಏಳಡಿ ಹತ್ತಂಗುಲ. ಎರಡರ ನಡುವೆ ಅರ್ಧ ಅಂಗುಲ ವ್ಯತ್ಯಾಸ ಇದ್ದರೂ ಬಾಗಿಲು ಕೂರಿಸುವಾಗ ಒಂದು ಮೂಲೆ ಕೆರೆಯಬೇಕಾಗುತ್ತದೆ. ಆಮೇಲೆ ಕೆತ್ತನೆಯಿಲ್ಲದ ಹಿಂಬದಿ ನೋಡಬೇಕು. ಅಂಚಿನಲ್ಲಿ ಬಿಳಿ ಕಟ್ಟಿಗೆ ಉಳಿದಿದ್ದರೆ ಹುಳು ಮೊದಲು ಹಿಡಿಯುವುದು ಅಲ್ಲಿಗೇ. ಗಾಢ ಬಣ್ಣ ಬಳಿದಿಟ್ಟದ್ದನ್ನು ಅದಕ್ಕೇ ಕೊಳ್ಳಬಾರದು, ಬಿಳಿ ಕಟ್ಟಿಗೆ ಬಣ್ಣದಡಿ ಮುಚ್ಚಿಹೋಗುತ್ತದೆ. ಕೊನೆಗೆ ಎತ್ತಿ ನೋಡಬೇಕು. ಅದೇ ಅಳತೆಯ, ಅದೇ ಜಾತಿಯ ಇನ್ನೊಂದಕ್ಕಿಂತ ಭಾರವಿದ್ದರೆ ಕಟ್ಟಿಗೆ ಇನ್ನೂ ಹಸಿ, ಬೇಸಿಗೆಯಲ್ಲಿ ಸೊಟ್ಟಗಾಗುತ್ತದೆ. ಟ್ರ್ಯಾಕ್ಟರಿಗೆ ಹೇರುವ ಮೊದಲು ಕರ್ಣದ ಉದ್ದಕ್ಕೆ ಒಂದು ಅಡ್ಡಪಟ್ಟಿ ಬಡಿಯದಿದ್ದರೆ ದಾರಿಯ ಕುಲುಕಾಟಕ್ಕೆ ಕೂಡುಗಳು ಸಡಿಲವಾಗುತ್ತವೆ. ‘ಮನಿಗೆ ಮುಟ್ಟೂತನ ಆ ಪಟ್ಟಿ ಕೀಳಬ್ಯಾಡ್ರಿ ಅಂತ ಹೇಳೇ ಕಳಸ್ತೀನ್ರಿ’ ಎಂದರು.

ಅಷ್ಟರಲ್ಲಿ ಡೊಳ್ಳಿನ ಸದ್ದು. ತೇರಿನ ಹಗ್ಗ ಬರುವುದು ಗದಗ ಜಿಲ್ಲೆಯ ರೋಣ ತಾಲೂಕಿನ ಮಾಡಲಗೇರಿಯಿಂದ, ಎತ್ತು ಹೂಡಿದ ಹಳಿಬಂಡಿಯಲ್ಲಿ. ತೇರು ಇಲ್ಲಿಯದು, ಹಗ್ಗ ಬೇರೆ ಊರಿನದು. ಆ ಬಂಡಿ ಬಾರದೆ ತೇರು ಕದಲುವುದಿಲ್ಲ.

ಸಂಜೆ ಹೊತ್ತಿಗೆ ನೆಲ ಕಾಣುತ್ತಿರಲಿಲ್ಲ. ಸಾವಿರಾರು ಕೈಗಳು ಹಗ್ಗಕ್ಕೆ ಬಿದ್ದವು, ‘ಶಂಭೂಕೋ’ ಎಂಬ ಕೂಗು ಎದ್ದಿತು, ತೇರು ಒಮ್ಮೆ ಕಿರುಗುಟ್ಟಿ ಕದಲಿತು. ಕಳಸದತ್ತ ಉತ್ತತ್ತಿ, ಬಾಳೆಹಣ್ಣು ಮಳೆಯಂತೆ ಹಾರಿದವು. ಎಲ್ಲರೂ ಮೇಲೆ ನೋಡುತ್ತಾರೆ, ಒಂದು ಗಳಿಗೆ ಗಾಲಿಯನ್ನೂ ನೋಡಿ. ತೇರಿಗೆ ತಿರುಗಿಸುವ ಚುಕ್ಕಾಣಿ ಇಲ್ಲ, ನಿಲ್ಲಿಸುವ ಬ್ರೇಕೂ ಇಲ್ಲ. ಎರಡನ್ನೂ ಮಾಡುವುದು ಗಾಲಿಯ ಪಕ್ಕದಲ್ಲೇ ನಡೆಯುವ ಕೆಲವರು, ಕೈಯಲ್ಲಿರುವ ಮರದ ತುಂಡುಗಳಿಂದ. ಬಲಗಾಲಿಗೆ ತುಂಡು ಕೊಟ್ಟರೆ ಅದು ತಡೆದು ತೇರು ಬಲಕ್ಕೆ ತಿರುಗುತ್ತದೆ, ಎರಡೂ ಕಡೆ ಕೊಟ್ಟರೆ ನಿಲ್ಲುತ್ತದೆ. ತುಂಡು ಇಟ್ಟು ಕೈ ಹಿಂದಕ್ಕೆ ಎಳೆದುಕೊಳ್ಳಲು ಅವರಿಗೆ ಸಿಗುವುದು ಕ್ಷಣ ಮಾತ್ರ. ಅಲ್ಲಿ ಕೆಲಸವಿಲ್ಲದವರು ಗಾಲಿಯ ನೇರಕ್ಕಾಗಲೀ ಹಗ್ಗದ ಎರಡು ಎಳೆಗಳ ನಡುವೆಯಾಗಲೀ ನಿಲ್ಲಲೇಬಾರದು. ಬಿದ್ದರೆ ಎಬ್ಬಿಸುವ ಜಾಗವಿಲ್ಲ. ಮಕ್ಕಳಿದ್ದರೆ ಮಂಟಪದ ಜಗಲಿಯ ಮೇಲೆ ನಾಲ್ಕು ಗಂಟೆಗೇ ಜಾಗ ಹಿಡಿಯುವುದು ಒಳ್ಳೆಯದು.

ಸೂರ್ಯ ಮುಳುಗುವುದೂ ಹುಣ್ಣಿಮೆಯ ಚಂದ್ರ ಏಳುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ತೇರು ನಿಂತಾಗ ಒಂದು ಕಡೆ ಕೆಂಪು, ಇನ್ನೊಂದು ಕಡೆ ಬೆಳ್ಳಿ. ಅರ್ಧ ಜನ ಬಸ್ಸಿನ ಕಡೆ ಹೊರಟರು. ಉಳಿದವರು ಗಿರ್ಮಿಟ್ಟು, ಮಿರ್ಚಿ ತಿನ್ನಲು ಕುಳಿತರು, ಅವರೆಲ್ಲ ನಾಟಕದವರು.

ನಾಟಕ ಕಂಪನಿಗಳಿಗೆ ಬನಶಂಕರಿ ವರ್ಷದ ದೊಡ್ಡ ಕ್ಯಾಂಪು. ಜಾತ್ರೆ ಸುಮಾರು ಒಂದು ತಿಂಗಳು ನಡೆಯುತ್ತದೆ, ಕಂಪನಿಗಳ ತಗಡಿನ ಥಿಯೇಟರುಗಳು ಸಾಲಾಗಿ ಏಳುತ್ತವೆ. ಒಂದೇ ನಾಟಕವನ್ನು ಒಂದೇ ದಿನ ಎರಡು ಮೂರು ಸಲ ಆಡುತ್ತಾರೆ. ತೇರಿನ ರಾತ್ರಿ ಆಟ ಮುಗಿಯುವುದೇ ಬೆಳಗಿಗೆ. ಇಲ್ಲಿ ಗಲ್ಲಾ ತುಂಬಿದರೆ ವರ್ಷದ ಸಾಲ ತೀರುತ್ತದೆ, ಬರೀ ಕುರ್ಚಿಗಳ ಮುಂದೆ ಆಡಿದರೆ ಮುಂದಿನ ಕ್ಯಾಂಪಿಗೆ ಸಾಮಾನು ಸಾಗಿಸುವ ಲಾರಿ ಬಾಡಿಗೆಗೂ ಸಾಲ. ಒಂದು ಟಿಕೆಟು ಹೆಚ್ಚು ಕೊಂಡರೂ ಅದು ನೇರ ಅವರ ಹೊಟ್ಟೆಗೆ ಹೋಗುತ್ತದೆ. ಹತ್ತರ ಆಟ ಒಂದು ಕಂಪನಿಯದು, ಒಂದೂವರೆಯ ಆಟ ಇನ್ನೊಂದರದು ನೋಡಿದೆವು.

ಕೂರುವ ಜಾಗ ಮುಖ್ಯ. ತೀರ ಮುಂದೆ ಕೂತರೆ ಧ್ವನಿಪೆಟ್ಟಿಗೆ ಕಿವಿಗೆ ಹೊಡೆಯುತ್ತದೆ, ತೀರ ಹಿಂದೆ ಹೋದರೆ ಪಕ್ಕದ ಕಂಪನಿಯ ಹಾಡು ಕೇಳುತ್ತದೆ. ನಡುವಿನ ಐದಾರು ಸಾಲುಗಳೇ ಸರಿ. ರಾತ್ರಿ ಎರಡರ ಮೇಲೆ ತಗಡು ತಣ್ಣಗಾಗಿ ಮೇಲಿಂದ ಚಳಿ ಇಳಿಯುತ್ತದೆ. ಊರಿನವರು ಕೌದಿ ತಂದಿದ್ದರು, ನಾವು ತಂದಿರಲಿಲ್ಲ.

ಕಣ್ಣಿಟ್ಟು ನೋಡಬೇಕಾದದ್ದು ಪರದೆಗಳನ್ನು. ಮನೆ, ಅರಮನೆ, ಕಾಡು, ಬೀದಿ, ಎಲ್ಲ ಕೈಯಲ್ಲಿ ಬರೆದವು. ಮನೆಯ ದೃಶ್ಯ ಮುಗಿದ ತಕ್ಷಣ ಮುಂದಿನ ಬೀದಿ ಪರದೆ ಬೀಳುತ್ತದೆ. ಹಾಸ್ಯದ ಜೋಡಿ ಅದರ ಮುಂದಿನ ಮೂರಡಿ ಜಾಗದಲ್ಲಿ ಬಂದು ನಗಿಸುತ್ತದೆ. ಆ ಹತ್ತು ನಿಮಿಷದಲ್ಲಿ ಪರದೆಯ ಹಿಂದೆ ಮಂಚ, ಕುರ್ಚಿ, ಮೆಟ್ಟಿಲು ಬದಲಾಗುತ್ತವೆ, ನಾಯಕಿ ಸೀರೆ ಬದಲಿಸುತ್ತಾಳೆ. ಒಳಗೆ ಇನ್ನೂ ಆಗಿಲ್ಲವೆಂದರೆ ಹಾರ್ಮೋನಿಯಂ ಮಾಸ್ತರರು ಒಂದು ಸ್ವರ ಹಿಡಿದು ಎಳೆಯುತ್ತಾರೆ. ಹಾಸ್ಯಗಾರ ಅದನ್ನು ಕೇಳಿಸಿಕೊಂಡು ಮಾತು ಬೆಳೆಸುತ್ತಾನೆ. ಎರಡನೆಯ ಆಟದಲ್ಲಿ ಹೀಗೆ ಮೂರು ಸಲ ಆಯಿತು. ಮೂರೂ ಸಲ ಹೊಸ ಮಾತು, ಮೂರೂ ಸಲ ಇಡೀ ತಗಡು ನಡುಗುವಂಥ ನಗು. ಮುಂದಿನ ಸಾಲಿನ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ, ಮಡಚಿದ ನೋಟೊಂದನ್ನು ಮೊಮ್ಮಗನ ಕೈಯಲ್ಲಿ ಕೊಟ್ಟು ರಂಗದ ಮೇಲೆ ಹಾಸ್ಯಗಾರನಿಗೆ ಆಯೇರಿ (ಮೆಚ್ಚುಗೆಯ ಕಾಣಿಕೆ) ಮಾಡಿಸಿದರು. ಆತ ಅದನ್ನು ಕಣ್ಣಿಗೊತ್ತಿಕೊಂಡು, ಕೊಟ್ಟವರ ಊರು ಕೇಳಿ, ಅದರ ಹೆಸರನ್ನು ಮುಂದಿನ ಮಾತಿನೊಳಗೇ ಸೇರಿಸಿದ.

ಮೂರನೆಯ ದಿನ, ಭಾನುವಾರ: ತೊಗರಿ ಕೂಳೆ

ಬೆಳಗಿನ ಐದಕ್ಕೆ ಹೊಲಕ್ಕೆ ಬಂದರೆ ಎಡಗಡೆಯ ಮುಂದಿನ ಗಾಲಿ ನೆಲ ಹಿಡಿದಿತ್ತು. ಚಂದ್ರ ಪಡುವಣಕ್ಕೆ ಇಳಿದಿದ್ದರೂ ಬೆಳಕು ಸಾಕಷ್ಟಿತ್ತು. ತೊಗರಿ ಗಿಡದ ಬುಡ ಬೆರಳು ದಪ್ಪ, ಒಣಗಿದರೆ ಕಟ್ಟಿಗೆಯೇ. ಕುಡುಗೋಲಿನಿಂದ ಓರೆಯಾಗಿ ಕೊಯ್ದಾಗ ಉಳಿಯುವ ಕೂಳೆ ಚಾಣದಂತೆ ಚೂಪು. ನೇರ ಹೋದರೆ ಟೈರಿನ ದಪ್ಪ ಮೈಗೆ ಅದು ಏನೂ ಮಾಡುವುದಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಹಿಂದೆ ಮುಂದೆ ಆಡಿಸಿದಾಗ ತೆಳುವಾದ ಪಕ್ಕೆಗೆ ಚುಚ್ಚುತ್ತದೆ. ಸಾಲಿಗೆ ಸರಿಯಾಗಿ ನಿಲ್ಲಿಸಬೇಕೆಂದು ನಾವು ಮಾಡಿದ್ದೂ ಅದನ್ನೇ. ಕೂಳೆಯ ಹೊಲವಾದರೆ ಸಾಲು ಹಿಡಿದು ನೇರ ಒಳಗೆ ಹೋಗಿ, ಸೊಟ್ಟಗಿದ್ದರೂ ಹಾಗೆಯೇ ಬಿಟ್ಟುಬಿಡುವುದು ಉತ್ತಮ.

ಟ್ಯೂಬಿಲ್ಲದ ಟೈರಿನ ನಡುಮೈಗೆ ಮೊಳೆ ಚುಚ್ಚಿದ್ದರೆ ಪಂಕ್ಚರ್ ಬತ್ತಿ ತುರುಕಿ ಗಾಳಿ ಹಾಕಿದರೆ ನಡೆಯುತ್ತದೆ. ಪಕ್ಕೆಗೆ ಬಿದ್ದ ತೂತಿಗೆ ಬತ್ತಿ ಹಾಕಬಾರದು. ಆ ಭಾಗ ಪ್ರತಿ ಸುತ್ತಿಗೂ ಬಾಗಿ ಏಳುವುದರಿಂದ ಬತ್ತಿ ಕಿತ್ತು ಬರುತ್ತದೆ, ಹೆದ್ದಾರಿಯಲ್ಲಾದರೆ ಟೈರು ಸಿಡಿಯುತ್ತದೆ. ಆದ್ದರಿಂದ ಸ್ಪೇರ್. ಅದು ಕಡಿಮೆ ಅಗಲದ ಸಣ್ಣ ಸ್ಪೇರ್, ಅಂಥದ್ದಕ್ಕೆ 60 ಪಿಎಸ್‌ಐ ಗಾಳಿ ಬೇಕು. ನಮ್ಮದರಲ್ಲಿ ಇದ್ದದ್ದು ಅರ್ಧಕ್ಕಿಂತ ಕಡಿಮೆ. ಹೊರಡುವ ಮೊದಲು ನಾಲ್ಕು ಟೈರಿಗೂ ಗಾಳಿ ನೋಡಿ ಐದನೆಯದನ್ನು ಮರೆತದ್ದು ನಮ್ಮದೇ ತಪ್ಪು. ಕಾರಿನ 12 ವೋಲ್ಟಿನ ಕಿಂಡಿಗೆ ಹಾಕುವ ಸಣ್ಣ ಪಂಪು ಇದ್ದದ್ದರಿಂದ ಬದುಕಿದೆವು.

ನಟ್ಟುಗಳನ್ನು ಗಾಡಿ ಎತ್ತುವ ಮೊದಲೇ, ಗಾಲಿ ನೆಲದ ಮೇಲಿರುವಾಗ, ಕಾಲು ಸುತ್ತು ಸಡಿಲಿಸಿಕೊಂಡು ಜಾಕ್ ಇಟ್ಟೆವು. ಎರೆಮಣ್ಣು ಮೇಲೆ ಗಟ್ಟಿ ಕಾಣುತ್ತದೆ, ಒಳಗೆಲ್ಲ ಬಿರುಕು. ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಜಾಕಿನ ಪಾದ ಒಂದು ಕಡೆ ಕುಸಿದು ಓರೆಯಾಯಿತು. ಇನ್ನೊಂದು ಸುತ್ತು ಹಾಕಿದ್ದರೆ ಗಾಡಿ ಜಾರುತ್ತಿತ್ತು. ಕಲ್ಲು ಇಡೋಣವೆಂದರೆ ಎರೆ ಹೊಲದಲ್ಲಿ ಕಲ್ಲೆಲ್ಲಿ?

ಚೌಕಟ್ಟಿನ ಸಾಲಿನಲ್ಲಿ ಆ ಬಡಿಗೇರು ಆಗಲೇ ಎದ್ದು ಒಲೆ ಹಚ್ಚಿದ್ದರು. ವಿಷಯ ಕೇಳಿ, ಕತ್ತರಿಸಿ ಉಳಿದ ಒಂದೂವರೆ ಅಡಿಯ ಬೇವಿನ ತುಂಡು ಎತ್ತಿಕೊಂಡು ತಾವೇ ಬಂದರು. ‘ಎರಿ ಹೊಲಾರೀ ಇದು, ಜಾಕ್ ಹುಗದ್ ಹೋಗತೈತಿ. ಅಗಲ ಕಟಗಿ ಹಾಕ್ರಿ, ಭಾರ ಹಂಚ್ಕೋತೈತಿ.’ ಮೇಲಿನ ಸಡಿಲ ಮಣ್ಣನ್ನು ಕಾಲಿನಿಂದ ಕೆರೆದು, ತುಂಡನ್ನು ಒತ್ತಿ ಕೂರಿಸಿ, ಮೇಲೆ ಹತ್ತಿ ನಿಂತು ಅಲುಗಾಡಿಸಿ ನೋಡಿದರು. ತಪ್ಪಿ ಕುಸಿದರೆ ಆಸರೆಯಾಗಲಿ ಎಂದು, ತೆಗೆದ ಗಾಲಿಯನ್ನು ಬಾಗಿಲ ಕೆಳಗೆ ಗಾಡಿಯಡಿ ಮಲಗಿಸಲು ಹೇಳಿದರು. ಇಪ್ಪತ್ತು ನಿಮಿಷದಲ್ಲಿ ಕೆಲಸ ಆಯಿತು. ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಇಳಿಸಿದ ಮೇಲೆ ಮತ್ತೊಮ್ಮೆ ಬಿಗಿದೆವು.

ಕಟ್ಟಿಗೆ ಹಿಂದಿರುಗಿಸಲು ಹೋದಾಗ ತೆಗೆದುಕೊಳ್ಳಲಿಲ್ಲ. ‘ಇಟ್ಕೋರ್ರಿ. ಬೆಂಗಳೂರ್ ಮುಟ್ಟೂತನ ಇನ್ನೊಮ್ಮಿ ಬೇಕಾದ್ರ?’ ಅವರ ಒಲೆಯ ಚಹಾ ಕುಡಿದು ಹೊರಟೆವು.

ರಾತ್ರಿಯಿಡೀ ಎದ್ದವರು ಸ್ಟೇರಿಂಗ್ ಹಿಡಿಯಬಾರದು. ಕೋಣೆಗೆ ಹೋಗಿ ಹತ್ತೂವರೆಯವರೆಗೆ ಮಲಗಿ, ಹನ್ನೊಂದೂವರೆಗೆ ಹೊರಟೆವು. ಕುಳಗೇರಿ ಕ್ರಾಸ್, ನರಗುಂದ, ನವಲಗುಂದ. ಸಣ್ಣ ಸ್ಪೇರಿನ ಮೇಲೆ ಗಂಟೆಗೆ 80 ಕಿಲೋಮೀಟರು ಮೀರಬಾರದು, ಅದೂ ದೂರದ ಓಡಾಟಕ್ಕೆ ಮಾಡಿದ್ದಲ್ಲ. ಹೀಗಾಗಿ ಹುಬ್ಬಳ್ಳಿಯಲ್ಲಿ ಹೊಸ ಟೈರು ಹಾಕಿಸಲೇಬೇಕಿತ್ತು. ಭಾನುವಾರ ಮಧ್ಯಾಹ್ನ ತೆರೆದಿದ್ದ ಅಂಗಡಿ ಸಿಗಲು ಮೂರು ಕಡೆ ಸುತ್ತಿದೆವು. ಅಂಗಡಿಯವರು ಹಳೆಯ ಟೈರನ್ನು ರಿಮ್ಮಿನಿಂದ ಬಿಡಿಸಿ, ಒಳಗೆ ಕೈಹಾಕಿ, ಇಕ್ಕಳದಿಂದ ಹಿಡಿದು ಎಳೆದರು. ಎರಡು ಅಂಗುಲದ ತೊಗರಿ ಕೂಳೆ, ತುದಿ ಇನ್ನೂ ಮೊಂಡಾಗಿರಲಿಲ್ಲ.

‘ಬನಶಂಕರಿ ಜಾತ್ರಿಗೆ ಹೋಗಿದ್ರೇನ್ರೀ?’ ಎಂದು ಕೇಳಿದರು. ಅಂದು ಅವರು ಕಂಡ ಎರಡನೆಯ ಕೂಳೆಯಂತೆ ಅದು.

ಬೇವಿನ ತುಂಡನ್ನು ಜಾಕಿನ ಜೊತೆ ಕಟ್ಟಿ, ರೊಟ್ಟಿಯ ಗಂಟಿಗೆ ತಾಗದಂತೆ ಹಿಂದೆ ಇಟ್ಟೆವು. ಚಿತ್ರದುರ್ಗ ಮುಟ್ಟುವ ಹೊತ್ತಿಗೆ ಚಂದ್ರ ಆಗಷ್ಟೇ ಎದ್ದು ಗಾಳಿಯಂತ್ರಗಳ ರೆಕ್ಕೆಗಳ ನಡುವೆ ಕಾಣಿಸಿದ, ನಿನ್ನೆಗಿಂತ ಒಂದು ಗಂಟೆ ತಡವಾಗಿ.